ಸಾಹೇಬನ ಕಾದಂಬರಿ, ಮಾವನ ಮರಾಠಿಯಲ್ಲಿ

ಕೃಷ್ಣಾ ದಂಡೆಯಿಂದ ಬ್ರಿಟಿಷರನ್ನು ಓಡಿಸಿದವರು ಯಾರು ಎಂದು ನನ್ನನ್ನು ಕೇಳಿದರೆ, ಹಿಂದೆಮುಂದೆ ನೋಡದೆ ನಮ್ಮ ಸೋದರಮಾವ ಎನ್ನುತ್ತೇನೆ. ಅವರು ಹುಟ್ಟುವ ಮೊದಲೇ ಬ್ರಿಟಿಷರು ಹೋಗಿದ್ದರಲ್ಲ ಎನ್ನುತ್ತೀರಾ? ಹೋಗಿರಲಿ ಬಿಡಿ! ನಮ್ಮ ಮಾವ ಅವರನ್ನು ಓಡಿಸಿದ್ದು ಒಂದಲ್ಲ, ಎರಡು ಸಲ. ಅದೂ ಕೈಯಲ್ಲಿನ ಚಹಾದ ಬಟ್ಟಲನ್ನು ಕೆಳಗಿಡದೆ.

ಕುಡಚಿ ಸ್ಟೇಷನ್ನಿನಲ್ಲಿ ಟಿಕೆಟು ಕೊಟ್ಟು ನಿವೃತ್ತರಾದ ಮಾವ ಜೀವನದಲ್ಲಿ ಓದಿದ್ದು ಒಂದೇ ಒಂದು ಕಾದಂಬರಿ. ಯಾರೋ ಪ್ರಯಾಣಿಕರು ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಮರೆತು ಹೋದದ್ದು. ರಕ್ಷಾಪುಟವಿಲ್ಲ, ಮೊದಲ ಹಾಳೆಗಳಿಲ್ಲ. ಹಾಗಾಗಿ ಮಾವನೇ ಅದಕ್ಕೆ ‘ಸಾಹೇಬನ ಕಾದಂಬರಿ’ ಎಂದು ನಾಮಕರಣ ಮಾಡಿದರು. ಕಂಪನಿ ಸರಕಾರದ ಕಾಲದಲ್ಲಿ ಒಬ್ಬ ಸಾಹೇಬ ಕುದುರೆ ಏರಿ ಹೊಳೆದಂಡೆಗೆ ಬರುತ್ತಾನೆ. ಜಾಗ ಅವನ ಮನಸ್ಸಿಗೆ ಬರುತ್ತದೆ. ಅಲ್ಲಿದ್ದವರನ್ನೆಲ್ಲ ಎಬ್ಬಿಸಿ ಬಂಗಲೆ, ಕುದುರೆ ಲಾಯ, ತಂಬಾಕಿನ ಹೊಲ ಎಂದು ತನ್ನದೇ ಒಂದು ವಸಾಹತು ಕಟ್ಟುತ್ತಾನೆ. ಹಾಗೆ ನೆಲೆ ಕಳೆದುಕೊಂಡವರಲ್ಲಿ ಒಬ್ಬ ಅಂಬಿಗ, ಅವನ ಹೆಂಡತಿ, ಅವರ ಪುಟ್ಟ ಮಗಳು ಗಂಗಿ. ಈ ಕತೆಯನ್ನು ರೇಡಿಯೊದವರು ಒಂದು ದಿನ ಧಾರಾವಾಹಿ ಮಾಡಿ ಹಾಕಿದಾಗ ಮಾವ, “ಏ! ಇಂವ ನಮ್ಮ ಸಾಹೇಬ!” ಎಂದು ಎದ್ದೇ ನಿಂತರಂತೆ. ಬಹಳ ದಿನದ ಮೇಲೆ ಬೀಗರು ಬಂದ ಹಾಗೆ!

ತೊಂದರೆ ಶುರುವಾದದ್ದು ಅತ್ತೆಯಿಂದ. ಅತ್ತೆ ಗಡಿಯಾಚೆ ಮಿರಜ ಕಡೆಯವರು, ಮನೆಮಾತು ಮರಾಠಿ. ಬಾಜಾರದ ಕನ್ನಡ ಅವರಿಗೆ ಚೆನ್ನಾಗಿಯೇ ಬರುತ್ತದೆ. ಬದನೆಕಾಯಿಗೆ ಚೌಕಾಸಿ ಮಾಡಲು ಕೂತರೆ ಅಂಗಡಿಯವನಿಗೇ ಕನ್ನಡ ಮರೆಯಬೇಕು. ಆದರೆ ರೇಡಿಯೊದ ಪುಸ್ತಕದ ಕನ್ನಡ ತನಗೆ ತಿಳಿಯುವುದಿಲ್ಲ ಎಂದು ಮೊದಲ ದಿನವೇ ಹೇಳಿಬಿಟ್ಟರು. ಅಂದಿನಿಂದ ಮಾವನಿಗೆ ದುಭಾಷಿಯ ಕೆಲಸ. ಸಂಬಳವಿಲ್ಲ, ರಜೆಯೂ ಇಲ್ಲ.

ಆ ಅನುವಾದವನ್ನು ನೀವು ಕೇಳಬೇಕಿತ್ತು! ಸಾಹೇಬ ತನ್ನ ಬಂಗಲೆಯ ಮೆಟ್ಟಿಲ ಮೇಲೆ ನಿಂತು ಉಸಿರು ಕಟ್ಟುವವರೆಗೆ ಭಾಷಣ ಬಿಗಿಯುತ್ತಾನೆ. ಅತ್ತೆ ಲಟ್ಟಣಿಗೆ ನಿಲ್ಲಿಸಿ, “ಕಾಯ್ ಮ್ಹಣತೋಯ್?” ಏನಂತಾನೆ ಎಂದು ಕೇಳುತ್ತಾರೆ. ಮಾವ, “ನಾಯ್ ಮ್ಹಣತೋಯ್” ಎನ್ನುತ್ತಾರೆ. ಒಲ್ಲೆ ಅಂತಾನೆ, ಅಷ್ಟೆ! ಆಮೇಲೆ ಬರೀ ಕುದುರೆಯ ಟಪಟಪ ಸದ್ದು ಬರುತ್ತದೆ, ಒಂದು ಮಾತಿಲ್ಲ. ಆಗ ಮಾವ ಚಹಾ ಆರುವವರೆಗೆ ಮಾತಾಡುತ್ತಾರೆ. ಕುದುರೆ ಎಲ್ಲಿಯದು, ಅದಕ್ಕೇನು ಮೇವು, ಅದು ಚಿಕ್ಕೋಡಿ ದಾರಿಯಲ್ಲಿ ಯಾಕೆ ಕುಂಟಿತು, ಎಲ್ಲವೂ! ಇಷ್ಟೆಲ್ಲ ಸುದ್ದಿ ಕಾದಂಬರಿ ಬರೆದವರಿಗಾದರೂ ಗೊತ್ತಿತ್ತೇ?

ಕಾದಂಬರಿಯ ಕೊನೆಯಲ್ಲಿ ಸಾಹೇಬ ಸುಖವಾಗಿ ಬಂಗಲೆಯಲ್ಲೇ ಉಳಿಯುತ್ತಾನೆ. ಆದರೆ ಅತ್ತೆ ಪ್ರತಿ ಕಂತಿಗೂ, ಅಂಬಿಗನ ಜಾಗ ತಿರುಗಿ ಕೊಟ್ಟನೋ ಇಲ್ಲವೋ ಎಂದು ಕೇಳುತ್ತಿದ್ದರಲ್ಲ! ಮಾವ ತಡೆಯಲಾರದೆ ಸಾಹೇಬನನ್ನು ಸ್ನಾನಕ್ಕೆ ಹೊಳೆಗಿಳಿಸಿದರು. ಮೊಸಳೆ ಪ್ಯಾಂಟು ಹಿಡಿಯಿತು. ಸಾಹೇಬ ಹರಿದ ಪ್ಯಾಂಟಿನಲ್ಲೇ ಕುಡಚಿ ಸ್ಟೇಷನ್ನಿಗೆ ಓಡಿ ರೈಲು ಹತ್ತಿದ.

ಪಕ್ಕದ ಮನೆಯಲ್ಲಿ ರೇಡಿಯೊ ರಿಪೇರಿ ಮಾಡುವ ಚಾಚಾ ಇದ್ದಾರೆ. ಅವರೂ ಅದೇ ಧಾರಾವಾಹಿ ಕೇಳಿದವರು. ಮರುದಿನ ಗೋಡೆಯಾಚೆಯಿಂದ, “ಕಡೀಕ ಸಾಹೇಬ ಹೋಗಲೇ ಇಲ್ಲ ನೋಡ್ರಿ ಭಾಬಿ” ಎಂದರು.

“ಹೋಗಲಿಲ್ಲ ಅಂದ್ರ? ಹೋದಾ! ಮೊಸಳಿ ಹಿಡೀತಲ್ರಿ!” ಎಂದರು ಅತ್ತೆ.

“ಯಾವ ಮೊಸಳಿ?”

“ಅಯ್ಯ, ಅಷ್ಟ ದೊಡ್ಡ ಮೊಸಳಿ ನಿಮಗ ಕೇಳಿಸಲಿಲ್ಲೇನು?”

ಪಾಪ, ಚಾಚಾ ಒಳಗೆ ಹೋಗಿ ತಮ್ಮ ರೇಡಿಯೊವನ್ನೇ ಬಿಚ್ಚಿ ಕೂತರು. ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ಕೊನೆಗೆ ಮಾವನೇ ಹೋಗಿ ಗುಟ್ಟು ಹೇಳಿದರೆ ಅವರು ಸ್ಕ್ರೂಡ್ರೈವರ್ ಝಳಪಿಸಿದರು. “ಕಂಪನಿ ಕಾಲದಾಗ ಕುಡಚಿಗಿ ರೈಲ ಎಲ್ಲಿತ್ತರಿ, ಮಾಸ್ತರ?”

“ಸಾಹೇಬನ್ನ ಕಳಸಬೇಕಂದ್ರ ರೈಲ ತರಸಬೇಕಾಗ್ತೈತಿ! ಟಿಕೀಟ ನಾನ ಕೊಟ್ಟೀನಿ” ಎಂದರು ಮಾವ.

ಇಷ್ಟೆಲ್ಲ ಸುಳ್ಳು ಯಾಕೆ ಬೇಕಿತ್ತು ಎಂದು ಒಮ್ಮೆ ನಾನೂ ಮಾವನನ್ನು ಕೇಳಿದ್ದೆ. ಅವರು ಅಡುಗೆಮನೆಯ ಕಡೆ ನೋಡಿ ದನಿ ಇಳಿಸಿದರು. ಕಾದಂಬರಿಯ ನಡುವೆ ಒಂದು ಅಧ್ಯಾಯವಿದೆ. ನೆಲೆ ತಪ್ಪಿದ ಜನ ಹೊಳೆಯಾಚೆ ಗುಡಿಸಲು ಹಾಕಿಕೊಂಡಾಗ ಗಂಗಿಗೆ ಜ್ವರ ಬರುತ್ತದೆ, ಮಗು ಉಳಿಯುವುದಿಲ್ಲ. ಮಾವ ಅತ್ತೆಗೂ ಒಬ್ಬ ಮಗಳಿದ್ದಳು. ಇನ್ನೂ ಶಾಲೆಗೆ ಸೇರಿರಲಿಲ್ಲ, ಜ್ವರದಲ್ಲೇ ಹೋದಳು. ಮೊದಲ ಧಾರಾವಾಹಿ ಬಂದದ್ದು ಅದರ ಮರುವರ್ಷ.

“ಅಕೀ ಮುಂದ ಆ ಕೂಸು ಸಾಯಬಾರದೋ ಅಳಿಯಾ” ಎಂದರು ಮಾವ. “ಒಮ್ಮಿ ಆಗೇತಿ. ಇನ್ನೊಮ್ಮಿ ಬ್ಯಾಡ.”

ಆ ಕಂತಿನ ದಿನ ಅವರು ಗಂಗಿಯನ್ನು ಮಂಗಸೂಳಿಯಲ್ಲಿದ್ದ ಅವಳ ಕಾಕಿಯ ಮನೆಗೆ ಕಳಿಸಿಬಿಟ್ಟಿದ್ದರು. ರೇಡಿಯೊದಲ್ಲಿ ತಾಯಿ ಎದೆ ಬಡಿದುಕೊಂಡು ಅಳುತ್ತಿದ್ದಳಲ್ಲ? ಅದು ತಂಬಾಕಿನ ಹೊಗೆ, ಕಣ್ಣು ಉರಿಯಾಕತ್ತಾವ ಎಂದರು! ಒಮ್ಮೆ ಬದುಕಿಸಿದ ಮೇಲೆ ಬಿಡಲಾಗುತ್ತದೆಯೇ? ಅತ್ತೆ ವಾರವಾರವೂ ಗಂಗಿ ಹೇಗಿದ್ದಾಳೆ ಎಂದು ಕೇಳುವರು. ಕೆಲವು ವರ್ಷದ ಮೇಲೆ ಎರಡನೆಯ ಸಲ ಧಾರಾವಾಹಿ ಬಂದಾಗ ಮಾವ ಗಂಗಿಯನ್ನು ಅಥಣಿಗೆ ಕೊಟ್ಟು ಮದುವೆ ಮಾಡಿದರು. ರೇಡಿಯೊದವರು ಒಂದು ಶಹನಾಯಿ ಬಾರಿಸಲಿಲ್ಲ ಎಂಬ ಕೊರಗು ಅವರಿಗೆ ಇವತ್ತಿಗೂ ಇದೆ.

ಈ ವರ್ಷ ಮೂರನೆಯ ರೂಪಾಂತರ ಶುರುವಾಯಿತು. ಹೊಸ ದನಿಗಳು, ಹೊಸ ಸಂಗೀತ, ಪ್ರತಿ ಸೋಮವಾರ ಸಂಜೆ. ಗಂಗಿಯ ಕಂತು ಬರುವ ಹಿಂದಿನ ದಿನ ಮಾವ ಮಂಗಸೂಳಿ ಮಲ್ಲಯ್ಯನ ಗುಡಿಗೆ ಹೋಗಿ, ಭಂಡಾರದ ಅರಿಶಿನ ಹಾರಿಸುತ್ತ “ಏಳಕೋಟಿ!” ಎಂದು ಕೂಗಿದರು. ಈ ವಯಸ್ಸಿನಲ್ಲಿ ಹುಡುಗರ ಸಮಕ್ಕೆ ಕೂಗಿದರೆ ಏನಾಗುತ್ತದೆ? ತಿರುಗಿ ಬಂದಾಗ ಮೈತುಂಬ ಅರಿಶಿನ, ಗಂಟಲಲ್ಲಿ ಬರೀ ಗಾಳಿ!

ಸೋಮವಾರ ನಾನು ಚಿಕ್ಕೋಡಿಯಲ್ಲಿ ಬ್ಯಾಂಕಿನ ಕೆಲಸ ಮುಗಿಸಿ ಹೋದಾಗ ಮಾವ ರೇಡಿಯೊದ ಸೆಲ್ಲು ತೆಗೆದು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಅತ್ತೆ ಹೊಸ ಸೆಲ್ಲು ತಂದು ಹಾಕಿದರು. ಮಾವ ಬಿಸಿನೀರು ಕುಡಿದರು, ಜ್ಯೇಷ್ಠಮಧು ಜಗಿದರು, ಕೊನೆಗೆ ನನ್ನ ತೋಳು ಹಿಡಿದು ಬಾಯಿ ಆಡಿಸಿದರು. ದನಿ ಬರಲಿಲ್ಲ. ನೀ ಹೇಳು ಎನ್ನುತ್ತಿದ್ದಾರೆ ಎಂದು ಕಣ್ಣು ನೋಡಿಯೇ ತಿಳಿಯಿತು. ನನ್ನ ಮರಾಠಿಯೋ, ಬಸ್ಸು ಎಷ್ಟಕ್ಕೆ ಎಂದು ಕೇಳುವಷ್ಟರದು!

ಕಂತು ಶುರುವಾಯಿತು. ಗುಡಿಸಲು, ಜ್ವರ, ತಾಯಿಯ ಕರೆ. ಅತ್ತೆ ರೊಟ್ಟಿ ಬಡಿಯುತ್ತಿದ್ದರು. ನಿರೂಪಕನ ಗಂಭೀರ ದನಿ ಬಂತು: “ಆ ಎಳೆಯ ಜೀವ ಪಂಚಭೂತಗಳಲ್ಲಿ ಲೀನವಾಯಿತು.”

ಇದಕ್ಕಿಂತ ಪುಸ್ತಕದ ಕನ್ನಡ ಉಂಟೇ? ಆದರೂ ಅತ್ತೆಯ ಕೈ ರೊಟ್ಟಿಯ ಮೇಲೆ ಹಾಗೇ ನಿಂತಿತು. ಮಾವ ನನ್ನ ಬೆನ್ನಿಗೆ ತಿವಿದರು. ನಾನು, “ಗಂಗಿ... ಮಂಗಸೂಳಿಲಾ...” ಎಂದು ತೊದಲಿದೆ. ಮುಂದೆ ನಾಲಿಗೆ ಏಳಲಿಲ್ಲ. ಮಾವ ತಲೆ ತಗ್ಗಿಸಿ ಕೂತರು. ನನಗೆ ಅವರ ಮುಖ ನೋಡುವ ಧೈರ್ಯವಾಗಲಿಲ್ಲ.

ಅತ್ತೆ ರೇಡಿಯೊ ಬಂದ್ ಮಾಡಿದರು. ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಮಾವನ ಪಕ್ಕದಲ್ಲಿ ಕೂತು, ಮರಾಠಿಯಲ್ಲಲ್ಲ, ಕನ್ನಡದಲ್ಲೇ ಹೇಳಿದರು.

“ಮೊದಲನೇ ಸಲಾನೂ ನನಗ ತಿಳದಿತ್ತರಿ. ಖರೇ ರೇಡಿಯೊದವರದು ಕೇಳಾಕ ಆಗಲಿಲ್ಲ, ನಿಮ್ಮದು ಕೇಳಿದೆ. ಇವತ್ತ ನಿಮಗ ದನಿ ಇಲ್ಲ. ನಾ ಹೇಳ್ತೀನಿ, ನೀವ ಕೇಳ್ರಿ.” ಮಾವನ ಕಡೆ ತಿರುಗಿ ಮುಂದುವರಿದರು. “ಗಂಗಿಗಿ ಜ್ವರಾ ಬಿಟ್ಟೈತಿ. ಎದ್ದು ಕುಂತಾಳ. ಹಸಿವ ಆಗೇತಿ, ಹಾಲು ರೊಟ್ಟಿ ಕೊಡು ಅನ್ನಾಕತ್ತಾಳ.”

ಮಾವ ಅತ್ತೆಯ ಮುಖವನ್ನೇ ನೋಡುತ್ತ ಗಂಟಲು ಕೆರೆದರು, ಇನ್ನೊಮ್ಮೆ ಕೆರೆದರು. ಇಡೀ ದಿನ ಬಾರದ ದನಿ ಚೂರೇ ಚೂರು ಬಂತು.

“ಕೊಟ್ಟಿ?”

“ಕೊಟ್ಟೆನ್ರಿ” ಎಂದರು ಅತ್ತೆ. “ಹೊಟ್ಟಿ ತುಂಬ ಉಂಡ್ಲು.”