ಬಾಳಗಡಿಯ ತಟ್ಟೆ ಬ್ಯಾಂಕ್

ಗೋದಾವರಿ ಟೀಚರಿಗೆ ಸಕ್ಕರೆ ಕಾಯಿಲೆ ಇಲ್ಲದಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ಸುಬ್ಬಯ್ಯನವರ ಗೃಹಪ್ರವೇಶದಲ್ಲಿ ಬೆಳಗಿನ ತಿಂಡಿಗೆ ಹಾಕಿದ್ದ ಕೇಸರಿಬಾತನ್ನು ಅವರು ಪಕ್ಕದಲ್ಲಿದ್ದ ಶೇಷಮ್ಮನ ತಟ್ಟೆಗೆ ದಾಟಿಸಿದರು. ದಾಟಿಸುವಾಗ ತಟ್ಟೆ ಓರೆಯಾಯಿತು. ಅದರ ಅಡಿಯಲ್ಲಿ, ಇಪ್ಪತ್ತೈದು ವರ್ಷದ ಹಿಂದೆ ಚುಕ್ಕಿ ಚುಕ್ಕಿಯಾಗಿ ಕೊರೆಸಿದ್ದ ತಮ್ಮದೇ ಹೆಸರು ಅವರಿಗೆ ಕಾಣಿಸಿತು.

ಆ ತಟ್ಟೆಯನ್ನು ಅಲ್ಲಿಗೆ ತಂದವನು ನಯಾಜ್. ಬಾಳಗಡಿಯ ಕಾಲೇಜಿನಲ್ಲಿ ಕೊನೆಯ ವರ್ಷದ ಬಿ.ಕಾಂ. ಓದುತ್ತಿದ್ದ ಅವನಿಗೆ ಎರಡು ತಿಂಗಳಿಂದ ಪರಿಸರದ ಹುಚ್ಚು ಹಿಡಿದಿತ್ತು. ಹುಚ್ಚಿಗೂ ಒಂದು ಕಾರಣವಿತ್ತು. ಕಾಲೇಜಿನ ಹಿಂದಿನ ಹಳ್ಳವನ್ನು ಹುಡುಗರೆಲ್ಲ ಸೇರಿ ಸ್ವಚ್ಛ ಮಾಡಿದ ದಿನ ಮೂಟೆಗಟ್ಟಲೆ ಥರ್ಮಾಕೋಲ್ ತಟ್ಟೆಗಳು ಸಿಕ್ಕಿದ್ದವು. ಕೊಳೆಯದ ಆ ತಟ್ಟೆಗಳ ಜೊತೆ ಕೊಳೆಯದ ಪ್ಲಾಸ್ಟಿಕ್ ಹೊದಿಕೆಗಳೂ ಇದ್ದವು. ಹೊದಿಕೆಗಳ ಮೇಲೆ ಕೊಪ್ಪ ಪೇಟೆಯಲ್ಲಿರುವ ಅವನ ಅಪ್ಪ ಮಹಮ್ಮದ್ ಶಫಿಯ ಅಂಗಡಿಯ ಚೀಟಿ ನೀಟಾಗಿ ಅಂಟಿಕೊಂಡಿತ್ತು. ಗೆಳೆಯರು ಆ ಚೀಟಿ ಓದಿ ಮೂಟೆ ಕಟ್ಟಿದರು. ಅದೇ ಅವನಿಗೆ ಸಾಕಾಯಿತು.

ಮೊದಲೆಲ್ಲ ಊರಿನಲ್ಲಿ ಊಟವೆಂದರೆ ಬಾಳೆ ಎಲೆ. ಬಫೆ ಬಂದ ಮೇಲೆ ಎಲೆಯನ್ನು ಕೈಯಲ್ಲಿ ಹಿಡಿದು ನಿಲ್ಲುವುದು ಯಾರಿಂದಲೂ ಆಗಲಿಲ್ಲ. ಅಡಿಕೆ ಹಾಳೆಯ ತಟ್ಟೆ ಮಾಡುವವರು ಸುತ್ತಮುತ್ತ ಇದ್ದರೂ ಅವು ಲಾರಿ ಹತ್ತಿ ದೊಡ್ಡ ಊರುಗಳಿಗೆ ಹೋಗುತ್ತಿದ್ದವು. ಅದೇ ಲಾರಿ ಮರಳಿ ಬರುವಾಗ ಥರ್ಮಾಕೋಲ್ ತರುತ್ತಿತ್ತು. ನಿಷೇಧ ಬಂದ ಮೇಲೆ ಶಫಿ ಅದನ್ನು ಅಂಗಡಿಯ ಮುಂದಿನಿಂದ ಹಿಂದಿನ ಕೋಣೆಗೆ ಸಾಗಿಸಿದ್ದ, ಅಷ್ಟೇ.

ನಯಾಜ್ ತಟ್ಟೆ ಬ್ಯಾಂಕ್ ತೆರೆದ. ಬಾಳಗಡಿಯ ಮೂವತ್ತೆಂಟು ಮನೆಗಳಿಂದ ಬಳಸದೆ ಬಿದ್ದಿದ್ದ ಸ್ಟೀಲ್ ತಟ್ಟೆ ಕೇಳಿ ತಂದ. ಕಾರ್ಯಕ್ರಮ ಇದ್ದವರು ಪುಕ್ಕಟೆ ಒಯ್ಯಬಹುದು, ತೊಳೆದು ವಾಪಸು ಕೊಟ್ಟರಾಯಿತು. ಯಾವ ಮನೆಯ ತಟ್ಟೆ ಯಾವುದು ಎಂದು ಮುಂದೆ ತಕರಾರು ಬರಬಾರದಲ್ಲ, ಹಾಗಾಗಿ ಪ್ರತಿ ಮನೆಗೊಂದು ನಂಬರ್ ಕೊಟ್ಟು, ತಟ್ಟೆಯ ಅಡಿಯಲ್ಲಿ ಕೆಂಪು ನೇಲ್ ಪಾಲಿಶ್‌ನಿಂದ ಬರೆದು, ಪಟ್ಟಿಯನ್ನು ಫೋನಿನಲ್ಲಿ ಇಟ್ಟುಕೊಂಡ. ಮೊದಲು ತಟ್ಟೆ ಕೊಟ್ಟಿದ್ದು ಅವನ ತಾಯಿ ಬದರುನ್ನೀಸಾ. ಅಡುಗೆಮನೆಯ ಸ್ಟ್ಯಾಂಡ್ ಖಾಲಿ ಮಾಡಿ ಹದಿನೇಳು ತಟ್ಟೆ ಕೊಟ್ಟಿದ್ದಳು. ಅವಕ್ಕೆ ನಂಬರ್ ಬರೆದವಳು ತಂಗಿ ರುಹಿ, ನೇಲ್ ಪಾಲಿಶ್ ಅವಳದ್ದಾದ್ದರಿಂದ.

ತಟ್ಟೆಗಳ ಮೇಲೆ ಬೇರೆ ಬೇರೆ ಹೆಸರುಗಳಿದ್ದುದನ್ನು ನಯಾಜ್ ನೋಡಿರಲಿಲ್ಲ ಎಂದಲ್ಲ. ಮದುವೆಗೆ ಉಡುಗೊರೆ ಕೊಡುವವರು ತಮ್ಮ ಹೆಸರು ಕೊರೆಸಿಯೇ ಕೊಡುವುದು ರೂಢಿ. ಹಾಗಾಗಿ ಒಬ್ಬರ ಮನೆಯಲ್ಲಿ ಇನ್ನೊಬ್ಬರ ಹೆಸರಿದ್ದರೆ ಅದು ಪ್ರೀತಿಯ ಗುರುತು ಎಂದೇ ಅವನು ತಿಳಿದಿದ್ದ. ಇಪ್ಪತ್ತೊಂದು ವರ್ಷದ ಹುಡುಗ, ಪಾಪ.

ಬ್ಯಾಂಕಿನ ಮೊದಲ ಗಿರಾಕಿ ಸುಬ್ಬಯ್ಯನವರು. ಅವರ ಮಗ ಶಿಶಿರ ನಯಾಜನ ಸಹಪಾಠಿ. ತಟ್ಟೆ ತೊಳೆಯುವುದಕ್ಕೆ ಸೀತಕ್ಕನನ್ನು ಕರೆಯಬೇಕೆಂದು ಇಬ್ಬರೂ ಸೇರಿ ಅವರನ್ನು ಒಪ್ಪಿಸಿದ್ದರು. ಸೀತಕ್ಕ ವರ್ಷವಿಡೀ ತೋಟದ ಕೂಲಿಗೆ ಹೋಗುವವಳು. ಊರಿನ ಯಾವ ಮದುವೆ, ಯಾವ ತಿಥಿ ಇದ್ದರೂ ಹಿತ್ತಲಿನ ನಲ್ಲಿಯ ಹತ್ತಿರ ಅವಳು ಇರುತ್ತಿದ್ದಳು. ಥರ್ಮಾಕೋಲ್ ಬಂದ ಮೇಲೆ ತೊಳೆಯುವುದೇ ಇಲ್ಲವಾಗಿ ಅವಳನ್ನು ಕರೆಯುವವರು ಕಡಿಮೆಯಾಗಿದ್ದರು. ಈಗ ನಯಾಜನ ಬ್ಯಾಂಕಿನಿಂದ ಇದೊಂದು ಕೆಲಸ ಸಿಕ್ಕಿತ್ತು. ಮುಂದಿನ ವಾರ ಶೇಷಮ್ಮನ ಮೊಮ್ಮಗಳ ಮದುವೆ, ಅಲ್ಲಿಗೂ ಬಾ ಎಂದಿದ್ದರು.

ಇಂಥ ಶುಭದಿನದಲ್ಲಿ ಗೋದಾವರಿ ಟೀಚರು ಖಾಲಿಯಾದ ತಟ್ಟೆಯನ್ನು ಮಗುಚಿ, ಕನ್ನಡಕ ಸರಿಮಾಡಿಕೊಂಡು ಓದಿದರು. ಮೊದಲು ಖುಷಿಯಾಯಿತು. ತವರಿನವರು ಮದುವೆಗೆ ಕೊಟ್ಟ ಹನ್ನೆರಡರಲ್ಲಿ ಕಳೆದುಹೋಗಿದ್ದ ಒಂದು ಇದು. ಆಮೇಲೆ ಅವರ ಮುಖ ನಿಧಾನಕ್ಕೆ ಗಂಟಾಯಿತು. ತಾನು ಬ್ಯಾಂಕಿಗೆ ಕೊಟ್ಟಿದ್ದು ಬೇರೆ ತಟ್ಟೆ. ಹಾಗಾದರೆ ಇದು ಇಷ್ಟು ವರ್ಷ ಯಾರ ಮನೆಯಲ್ಲಿತ್ತು?

ಈ ಪ್ರಶ್ನೆಯನ್ನು ಅವರು ಶೇಷಮ್ಮನ ಕಿವಿಯಲ್ಲಿ ಕೇಳಿದರು. ಪಾಠ ಹೇಳಿ ಹೇಳಿ ಬೆಳೆದ ಗಂಟಲು, ಶಾಮಿಯಾನದ ಕೊನೆಯವರೆಗೂ ಕೇಳಿಸಿತು.

ಒಂದೇ ನಿಮಿಷದಲ್ಲಿ ಅಲ್ಲಿದ್ದ ನೂರೈವತ್ತು ಮಂದಿಗೂ ತಮ್ಮ ಕೈಯಲ್ಲಿರುವ ತಟ್ಟೆಯ ಅಡಿ ನೋಡುವ ಆಸೆ ಬಂತು. ತಟ್ಟೆಯಲ್ಲಿ ಉಪ್ಪಿಟ್ಟು, ಕೇಸರಿಬಾತು, ಚಟ್ನಿ ಇವೆ, ಮಗುಚುವ ಹಾಗಿಲ್ಲ. ಗೌರವಸ್ಥ ಹೆಂಗಸರು, ಗರಿಗರಿ ಪಂಚೆಯ ಗಂಡಸರು ತಟ್ಟೆಯನ್ನು ತಲೆಯ ಮೇಲೆತ್ತಿ ಕತ್ತು ಹಿಂದಕ್ಕೆ ಹಾಕಿ ಕೆಳಗಿನಿಂದ ಓದತೊಡಗಿದರು. ನೀರಾವರಿ ಇಲಾಖೆಯಿಂದ ನಿವೃತ್ತರಾದ ಒಬ್ಬರ ಹಣೆಯ ಮೇಲೆ ಚಟ್ನಿ ಇಳಿಯಿತು, ಅವರು ಓದುವುದನ್ನು ನಿಲ್ಲಿಸಲಿಲ್ಲ. ಪುರೋಹಿತರು ಮಂತ್ರವನ್ನು ಸ್ವಲ್ಪ ತಡೆದು ತಮ್ಮ ಮುಂದಿದ್ದ ಅಕ್ಷತೆಯ ತಟ್ಟೆಯನ್ನೂ ಎತ್ತಿ ನೋಡಿದರು.

ಶೇಷಮ್ಮನಿಗೆ ತೀರಿಕೊಂಡ ಗಂಡನ ಹೆಸರಿನ ತಟ್ಟೆ ಸಿಕ್ಕಿ ಕಣ್ಣೀರು ಬಂತು. ಕಣ್ಣೀರು ಒರೆಸಿಕೊಂಡ ಮೇಲೆ ಸಿಟ್ಟು ಬಂತು. ನೀಲಾಂಬಿಕೆ ಎಂಬ ಹೊಸ ಸೊಸೆಗೆ, ಅವಳೇ ಕಳೆದಳು ಎಂದು ಅತ್ತೆ ಯಾವಾಗಲೂ ದೂರುತ್ತಿದ್ದ ತಟ್ಟೆ ಇನ್ನೊಬ್ಬರ ಕೈಯಲ್ಲಿ ಕಾಣಿಸಿತು. ಯಾರು, ಯಾವಾಗ, ಯಾರ ಮದುವೆಯಲ್ಲಿ ಎಂದು ಹಳೆಯ ಕಾರ್ಯಕ್ರಮಗಳ ಪಟ್ಟಿಯೇ ಹೊರಗೆ ಬಂತು. ಉಪ್ಪಿಟ್ಟು ಆರಿತು.

ಸುಬ್ಬಯ್ಯನವರು ಮೂವತ್ತು ವರ್ಷ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಗಲಾಟೆಯಾದಾಗ ತಪ್ಪನ್ನು ಎಲ್ಲಿ ಇಳಿಸಬೇಕು ಎಂಬುದು ಅವರಿಗೆ ಅಭ್ಯಾಸ. ಕೈಮುಗಿದು, ಇದರಲ್ಲಿ ನಮ್ಮ ಯಾರ ತಪ್ಪೂ ಇಲ್ಲ, ಎಲ್ಲರ ಮನೆಯಲ್ಲೂ ಪಾತ್ರೆ ತೊಳೆದಿದ್ದು ಒಬ್ಬಳೇ ಅಲ್ಲವೇ, ಅವಳ ಕೈಯಲ್ಲಿ ಅದಲು ಬದಲಾಗಿದೆ ಎಂದರು.

ಶಾಮಿಯಾನದ ತುಂಬ ನೆಮ್ಮದಿಯ ಉಸಿರು ಕೇಳಿಸಿತು. ಅದಲು ಬದಲು ಎಂದದ್ದು ಎರಡು ಸಾಲು ದಾಟುವಷ್ಟರಲ್ಲಿ ಕದ್ದಿದ್ದು ಎಂದಾಯಿತು. ಐದು ನಿಮಿಷದಲ್ಲಿ, ಸೀತಕ್ಕ ತಟ್ಟೆ ಕದ್ದು ಬೇರೆ ಮನೆಗೆ ಮಾರುತ್ತಿದ್ದಳು ಎಂದು ಕಣ್ಣಾರೆ ಕಂಡವರೂ ಸಿಕ್ಕಿದರು. ಶೇಷಮ್ಮ ಮೊಮ್ಮಗಳ ಮದುವೆಗೆ ಇನ್ನು ಅವಳು ಬರುವುದು ಬೇಡ ಎಂದುಬಿಟ್ಟಳು. ಹಿಂದೆಯೇ ಇನ್ನೂ ಇಬ್ಬರು ಹಾಗೇ ಅಂದರು.

ಸೀತಕ್ಕ ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತ ಹಿತ್ತಲಿನಿಂದ ಬಂದು ನಿಂತಳು. ಅಳಲಿಲ್ಲ.

"ನಿಮ್ ಎಲ್ರ ಮನೆ ಪಾತ್ರೆನೂ ತೊಳ್ದೀನಿ," ಅಂದಳು. "ನಂದೂ ಒಂದು ತಟ್ಟೆ ಇತ್ತು. ನನ್ ಮಗ್ಳು ಅಂಬಿಕಾ ಏಳನೇ ಕ್ಲಾಸಲ್ಲಿ ಎತ್ತರ ಜಿಗಿತಕ್ಕೆ ಬಹುಮಾನ ತಂದಿದ್ದು. ಸಂತೇಲಿ ಹೆಸ್ರು ಹಾಕ್ಸಿದ್ದೆ. ನಮ್ಮನೇಲಿ ಹೆಸ್ರಿದ್ದಿದ್ದು ಅದೊಂದೇ. ಅದೂ ಹೋಯ್ತು. ಯಾರ್ ಮನೇಲೂ ನಾ ಕೇಳ್ಳಿಲ್ಲ."

ಯಾರೂ ಅವಳ ಮುಖ ನೋಡಲಿಲ್ಲ. ನಯಾಜನ ಕೈ ಜೇಬಿನಲ್ಲಿದ್ದ ಫೋನಿನ ಮೇಲಿತ್ತು. ಅದರಲ್ಲಿ ಎಲ್ಲದಕ್ಕೂ ಉತ್ತರವಿತ್ತು. ಅವನ ಮುಖ ನೋಡಿಯೇ ಅರ್ಥ ಮಾಡಿಕೊಂಡ ಶಿಶಿರ ತೋಳು ಹಿಡಿದುಕೊಂಡ.

"ಬೇಡ ಮಾರಾಯ. ಇವತ್ತೊಂದು ದಿನ ಸುಮ್ನಿರು. ನಮ್ಮನೆ ಕಾರ್ಯ ಇದು."

ನಯಾಜ್ ತೋಳು ಬಿಡಿಸಿಕೊಂಡ. ಒಬ್ಬ ಹೆಂಗಸಿನ ಮಾನ ಹೋಗುತ್ತಿರುವಾಗ ಸುಮ್ಮನಿರುವುದು ಅವನಿಂದ ಆಗಲಿಲ್ಲ. ಕುರ್ಚಿಯ ಮೇಲೆ ಹತ್ತಿ, ಪ್ರತಿ ತಟ್ಟೆಯ ಅಡಿಯಲ್ಲೂ ಕೆಂಪು ನಂಬರ್ ಇದೆ, ಯಾವ ಮನೆಯಿಂದ ಬಂತು ಎಂದು ನಾನು ಹೇಳುತ್ತೇನೆ ಎಂದ. ಗೋದಾವರಿ ಟೀಚರ ತಟ್ಟೆಯ ನಂಬರ್ ಹದಿನಾಲ್ಕು. ಹದಿನಾಲ್ಕು ಎಂದರೆ ಸುಬ್ಬಯ್ಯನವರ ಮನೆ. ಶೇಷಮ್ಮನ ಗಂಡನ ತಟ್ಟೆ ಒಂಬತ್ತು. ಒಂಬತ್ತು ಎಂದರೆ ಗೋದಾವರಿ ಟೀಚರ ಮನೆ. ನೀಲಾಂಬಿಕೆಯ ಅತ್ತೆ ದೂರುತ್ತಿದ್ದ ತಟ್ಟೆ ಇಪ್ಪತ್ತಾರು, ಅದು ಶೇಷಮ್ಮನ ಮನೆಯಿಂದಲೇ ಬಂದಿತ್ತು. ಎರಡರಿಂದ ಮೂವತ್ತೆಂಟರವರೆಗೆ ಅವನು ಬಿಡದೆ ಓದಿದ. ಎಲ್ಲರ ತಟ್ಟೆಯೂ ಎಲ್ಲರ ಮನೆಯಲ್ಲಿತ್ತು.

ಮೇಲೆತ್ತಿದ್ದ ತಟ್ಟೆಗಳು ಒಂದೊಂದಾಗಿ ಕೆಳಗಿಳಿದವು.

ಊರಿನವರು ಒಬ್ಬರ ಮುಖ ಒಬ್ಬರು ನೋಡುವುದು ಕಷ್ಟವಾದಾಗ ಎಲ್ಲರೂ ಸೇರಿ ನೋಡುವುದಕ್ಕೆ ಒಂದು ಮುಖ ಬೇಕಾಗುತ್ತದೆ. ಕುರ್ಚಿಯ ಮೇಲೆ ನಿಂತಿದ್ದರಿಂದ ನಯಾಜನ ಮುಖ ಚೆನ್ನಾಗಿಯೇ ಕಾಣುತ್ತಿತ್ತು. ನಂಬರ್ ಹಾಕು ಎಂದು ಇವನಿಗೆ ಯಾರು ಹೇಳಿದ್ದು ಎಂದು ಒಬ್ಬರು ಕೇಳಿದರು. ನಮ್ಮ ನಮ್ಮಲ್ಲಿ ಜಗಳ ಹಚ್ಚುವುದಕ್ಕೇ ಇದನ್ನು ಮಾಡಿದ್ದು ಎಂದು ಇನ್ನೊಬ್ಬರು ಕಂಡುಹಿಡಿದರು. ನಮ್ಮ ನಮ್ಮಲ್ಲಿ ಎಂಬ ಮಾತನ್ನು ಅವರು ಒತ್ತಿ ಹೇಳಿದ್ದು ನಯಾಜನಿಗೆ ಚುಚ್ಚಿತು. ಈ ಕೇರಿಯಲ್ಲೇ ಹುಟ್ಟಿ ಬೆಳೆದರೂ ತಾನು ಆ ಮಾತಿನ ಹೊರಗೆ ನಿಂತಿದ್ದೇನೆ ಎಂದು ಅವನಿಗೆ ಕುರ್ಚಿಯ ಮೇಲೆ ತಿಳಿಯಿತು.

ಆಮೇಲೆ ತಟ್ಟೆಗಳ ಲೂಟಿ. ಹೆಸರಿದ್ದವು ಹೆಸರಿನವರ ಚೀಲ ಸೇರಿದವು. ಹೆಸರಿಲ್ಲದವನ್ನು ನಮ್ಮವೇ ಎನ್ನುವುದು ಇನ್ನೂ ಸುಲಭ. ಬದರುನ್ನೀಸಾಳ ಹದಿನಾರು ತಟ್ಟೆಗಳ ಮೇಲೆ ಹೆಸರಿರಲಿಲ್ಲ, ಅವು ಎಲ್ಲಕ್ಕಿಂತ ಮೊದಲು ಮಾಯವಾದವು.

ಹನ್ನೆರಡೂವರೆಗೆ ಊಟ. ಅಡುಗೆ ಸಿದ್ಧ, ತಟ್ಟೆ ಇಲ್ಲ. ಸುಬ್ಬಯ್ಯನವರು ನಯಾಜನನ್ನು ಕರೆದು, ಆದದ್ದಾಯಿತು, ಬೇಗ ನಿನ್ನ ಅಪ್ಪನ ಹತ್ತಿರ ಹೋಗಿ ಬಾ ಎಂದರು. ಅವನು ಸ್ಕೂಟರ್ ಹತ್ತಿ ಕೊಪ್ಪ ಪೇಟೆಗೆ ಹೋದ. ಶಫಿ ಏನೂ ಕೇಳದೆ ಹಿಂದಿನ ಕೋಣೆಯಿಂದ ಒಂದು ದೊಡ್ಡ ಕಟ್ಟು ತಂದು ಮುಂದಿಟ್ಟ.

"ಬೆಳಿಗ್ಗೆನೇ ಕಟ್ಟಿಟ್ಟಿದ್ದೆ," ಅಂದ. "ಇನ್ನೂ ಮುಂಚೆನೇ ಬರ್ತೀಯ ಅಂದ್ಕೊಂಡಿದ್ದೆ."

ಥರ್ಮಾಕೋಲ್ ಬಂದ ಮೇಲೆ ತೊಳೆಯುವವರ ಅಗತ್ಯವೂ ಮುಗಿಯಿತು. ಊಟಕ್ಕೆ ಮೊದಲೇ ಸೀತಕ್ಕನಿಗೆ ನೀನಿನ್ನು ಹೋಗಬಹುದು ಎಂದರು. ಗೇಟಿನ ಹತ್ತಿರ ನಯಾಜ್ ಎದುರಾದ.

"ನೀ ಹೇಳಿದ್ದು ಸತ್ಯನೇ ಮಾರಾಯ," ಅಂದಳು ಅವಳು. "ಕಳ್ಳಿ ಅಂತಿದ್ರೆ ನಾಲ್ಕು ದಿನ ಬಿಟ್ಟು ಬೈಕೊಂಡಾದ್ರೂ ಕರೀತಿದ್ರು. ಇನ್ನು ನನ್ನ ಮುಖ ಕಂಡ್ರೆ ಅವರಿಗೆ ನಾಚಿಕೆ ಆಗ್ತದೆ. ಯಾರೂ ಕರಿಯಲ್ಲ."

ಸಂಜೆ ಶಾಮಿಯಾನ ಬಿಚ್ಚುವಾಗ ನಯಾಜ್ ತನ್ನ ಖಾಲಿ ಗೋಣಿಚೀಲಗಳನ್ನು ಮಡಚುತ್ತಿದ್ದ. ಒಂದರ ತಳದಲ್ಲಿ ಏನೋ ಗಟ್ಟಿಯಾಗಿ ಸಿಕ್ಕಿತು. ಬಡಿಸುವುದಕ್ಕೆ ತೆಗೆಯದೆ ಉಳಿದುಹೋಗಿದ್ದ ಒಂದು ತಟ್ಟೆ. ಮಗುಚಿ ನೋಡಿದ. ಸಂತೆಯವನು ಕೊರೆದ ಸೊಟ್ಟ ಅಕ್ಷರಗಳಲ್ಲಿ ಸೀತಕ್ಕ ಎಂದಿತ್ತು.

ಬೆಳಿಗ್ಗೆಯಿಂದ ಮೊದಲ ಸಲ ಅವನ ಎದೆ ಹಗುರವಾಯಿತು. ತಟ್ಟೆಯನ್ನು ಕಂಕುಳಲ್ಲಿಟ್ಟು ಸೀತಕ್ಕನ ಮನೆಯ ದಾರಿ ಹಿಡಿದ. ಕೆಲಸ ಹೋಯಿತು, ಬ್ಯಾಂಕು ಹೋಯಿತು, ಈ ಒಂದಾದರೂ ಅವಳ ಕೈ ಸೇರಲಿ. ಅರ್ಧ ದಾರಿಯಲ್ಲಿ, ಬಡವಳ ಒಂದೇ ಒಂದು ತಟ್ಟೆಯನ್ನೂ ಬಿಡದ ಆ ದೊಡ್ಡ ಮನುಷ್ಯರು ಯಾರು ಎಂದು ನೋಡುವ ಮನಸ್ಸಾಯಿತು. ಬೀದಿದೀಪದ ಕೆಳಗೆ ನಿಂತು ಹೆಸರಿನ ಪಕ್ಕದ ನಂಬರ್ ಓದಿದ. ನೇಲ್ ಪಾಲಿಶ್‌ನ ಒಂದು. ಪಕ್ಕದಲ್ಲಿ ರುಹಿ ಚಂದಕ್ಕೆಂದು ಸಣ್ಣದೊಂದು ಹೂವು ಬೇರೆ ಬಿಡಿಸಿದ್ದಳು.

ಫೋನಿನ ಪಟ್ಟಿ ತೆಗೆಯುವ ಅಗತ್ಯ ಬೀಳಲಿಲ್ಲ.

ಅವನು ಬಂದ ದಾರಿಯಲ್ಲೇ ಮನೆಗೆ ತಿರುಗಿದ. ಬದರುನ್ನೀಸಾ ತಟ್ಟೆ ನೋಡಿ ಒಂಚೂರೂ ಗಾಬರಿಯಾಗಲಿಲ್ಲ. ದೊಡ್ಡ ಮಗಳು ತಸ್ಮಿಯಾಳ ನಿಖಾದ ಹಿಂದಿನ ದಿನ ಸೀತಕ್ಕ ಇದರ ತುಂಬ ಹಿತ್ತಲಿನ ಬಾಳೆಹಣ್ಣು ತಂದುಕೊಟ್ಟಿದ್ದಳಂತೆ. ಒಂಬತ್ತು ವರ್ಷವಾಯಿತಂತೆ.

"ವಾಪಸ್ ಯಾಕೆ ಕೊಡ್ಲಿಲ್ಲ ಅಮ್ಮಿ?"

"ಖಾಲಿ ತಟ್ಟೆ ಹೆಂಗೆ ಕೊಡೋದು ಮಗಾ," ಅಂದಳು ತಾಯಿ. "ಏನಾದ್ರೂ ಒಳ್ಳೇದು ಮಾಡಿ, ಹಾಕಿ ಕೊಡೋಣ ಅಂತಲೇ ಇಟ್ಟಿದ್ದೆ."

ಮೂವತ್ತೆಂಟು ಮನೆಯವರೂ ಇದನ್ನೇ ಹೇಳುತ್ತಿದ್ದರೇನೋ. ಹೇಳುವುದಕ್ಕೆ ಅವನು ಅವಕಾಶ ಕೊಟ್ಟಿರಲಿಲ್ಲ.

ಹಾಗೇ ಕೊಟ್ಟು ಬರುತ್ತೇನೆ ಎಂದು ನಯಾಜ್ ಬಾಗಿಲವರೆಗೆ ಹೋದ. ಎದುರು ಜಗಲಿಯಲ್ಲಿ ಗೋದಾವರಿ ಟೀಚರು ಕೂತಿದ್ದರು. ಅವರಾಚೆ ಶೇಷಮ್ಮ, ಅವರಾಚೆ ಸುಬ್ಬಯ್ಯನವರ ಹೊಸ ಮನೆ. ಸೀತಕ್ಕನ ಮನೆಗೆ ಇವರೆಲ್ಲರನ್ನೂ ದಾಟಿಯೇ ಹೋಗಬೇಕು. ಬೆಳಿಗ್ಗೆ ಎರಡರಿಂದ ಓದಲು ಆರಂಭಿಸಿದ್ದ ಹುಡುಗ, ಈಗ ಒಂದನ್ನು ಕಂಕುಳಲ್ಲಿ ಇಟ್ಟುಕೊಂಡು ಆ ಬೀದಿಯಲ್ಲಿ ನಡೆಯಬೇಕಿತ್ತು. ಅವನು ಹೊಸ್ತಿಲ ಮೇಲೆ ಬಹಳ ಹೊತ್ತು ನಿಂತ. ಆಮೇಲೆ ಒಳಗೆ ಬಂದ.

"ನಾಳೆ ಏನಾದ್ರೂ ಮಾಡು ಅಮ್ಮಿ," ಅಂದ. "ಹಾಕಿ ಕೊಡೋಣ."

ಬದರುನ್ನೀಸಾ ಹೂಂ ಎಂದು ತಟ್ಟೆಯನ್ನು ಒರೆಸಿ, ಖಾಲಿ ಸ್ಟ್ಯಾಂಡಿನಲ್ಲಿ ಅದರ ಹಳೆಯ ಜಾಗದಲ್ಲೇ ಇಟ್ಟಳು. ಮನೆಯಲ್ಲಿ ಇದ್ದ ಸ್ಟೀಲ್ ತಟ್ಟೆ ಅದೊಂದೇ. ಅಷ್ಟರಲ್ಲಿ ಶಫಿ ಸುಬ್ಬಯ್ಯನವರ ಮನೆಯಲ್ಲಿ ಮಿಕ್ಕಿದ ಥರ್ಮಾಕೋಲ್ ಕಟ್ಟನ್ನು ಹೊತ್ತು ಒಳಗೆ ಬಂದ. ಅನ್ನ ಬೆಂದಿತ್ತು. ಯಾವುದರಲ್ಲಿ ಬಡಿಸಲಿ ಎಂದು ತಾಯಿ ಕೇಳಿದಳು. ನಯಾಜ್ ಸ್ಟ್ಯಾಂಡಿನ ಕಡೆ ನೋಡಲಿಲ್ಲ. ಕಟ್ಟು ಬಿಚ್ಚಿ ಮೇಲಿನ ಬಿಳಿ ತಟ್ಟೆಯನ್ನು ಎಳೆದುಕೊಂಡು ಊಟಕ್ಕೆ ಕೂತ.