ಸೋಲಪ್ಪ ಗೆದ್ದ ಸಂಜೆ

ಅಷ್ಟೂ ರಾದ್ಧಾಂತಕ್ಕೆ ಕಾರಣ, ಮದುವೆಯಾಗಬೇಕೆಂದಿದ್ದ ಹುಡುಗಿ ಮೊಬೈಲಿಗೆ ಕಳಿಸಿದ ಎರಡು ಸಾಲು. "ಸಂಜೆ ನಮ್ಮಪ್ಪ ನಿಮ್ಮನೆಗೆ ಬರ್ತಾರಂತೆ. ನೀನು ಆಟ ಆಡೋದನ್ನ ಕಣ್ಣಾರೆ ನೋಡ್ಬೇಕಂತೆ."

ಹಗಲೆಲ್ಲ ಜೆರಾಕ್ಸ್ ಅಂಗಡಿಯಲ್ಲಿ ನಿಂತು, ಸಂಜೆಯಾದರೆ ಕ್ಯಾಮರಾ ಮುಂದೆ ಕೂತು ಕಾರ್ ರೇಸ್ ಆಡಿ ಲೋಕಕ್ಕೆಲ್ಲ ಲೈವ್ ತೋರಿಸುವ ನಮ್ಮ ಹುಡುಗ ಅದನ್ನು ಓದಿದವನೇ ಅರ್ಧ ತೆಗೆದ ಜೆರಾಕ್ಸ್ ಬಿಟ್ಟು ಮನೆಗೆ ಓಡಿಬಂದ. ಯಾಕೆಂದರೆ ಹುಟ್ಟಿದಾಗಿಂದ ಅವನು ಒಂದು ರೇಸೂ ಗೆದ್ದವನಲ್ಲ. ಅವನ ಕಾರು ಬೀಳದ ಚರಂಡಿಯಿಲ್ಲ, ಗುದ್ದದ ಕಂಬವಿಲ್ಲ. ಅವನು ಬರುವುದು ಕಂಡರೆ ಆಟದೊಳಗಿನ ಬೆಟ್ಟ ಕೂಡ ಒಂದು ಹೆಜ್ಜೆ ಪಕ್ಕಕ್ಕೆ ಸರಿಯುತ್ತಿತ್ತು. ನೋಡುವವರು ಪ್ರೀತಿಯಿಂದ ಇಟ್ಟ ಹೆಸರೇ ಸೋಲಪ್ಪ.

ಹಾಗಂತ ಜನ ಬಿಟ್ಟುಹೋಗಲಿಲ್ಲ. ಬೇರೆಯವರು ಸೋತರೆ ನೆಟ್ ಸರಿಯಿಲ್ಲ, ಕರೆಂಟ್ ಸರಿಯಿಲ್ಲ ಅನ್ನುತ್ತಾರೆ. ಇವನು, "ನಂದೇ ತಪ್ಪು ಕಣ್ರೀ, ಬ್ರೇಕ್ ಎಲ್ಲಿದೆ ಅಂತ ಮರ್ತೇ ಹೋಯ್ತು" ಅನ್ನುತ್ತಿದ್ದ. ಆ ಒಂದು ನಿಜಕ್ಕೇ ಸಾವಿರಾರು ಜನ ಅವನನ್ನು ಮನೆಮಗನಂತೆ ಕಾಯುತ್ತಿದ್ದರು. ಅವರಲ್ಲಿ ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕೊನೆಗೆ ಹೋಗುವವರು 'ಹಳೇ ಹಾರ್ನ್' ಎಂಬ ಹೆಸರಿಟ್ಟುಕೊಂಡ ಯಾರೋ ಒಬ್ಬರು. ಇವನಿಗೆ ಜ್ವರ ಬಂದಾಗ, "ಮಾತ್ರೆ ತಗೊಂಡ್ಯೇನಪ್ಪಾ" ಎಂದು ಬರೆದು ಕೇಳಿದ ಪುಣ್ಯಾತ್ಮರು.

ಹುಡುಗಿಯ ಅಪ್ಪನ ವಿಷಯ ಹಾಗಲ್ಲ. ಅವರು ಬಸ್ ಡ್ರೈವರು. ಇಡೀ ಸರ್ವೀಸಿನಲ್ಲಿ ಬಸ್ಸಿಗೆ ಒಂದು ಗೀರು ಬೀಳಿಸದವರು. ಅಡ್ಡ ಬಂದ ಸೊಳ್ಳೆಗೂ ಸೈಡ್ ಕೊಟ್ಟು ಹೋಗುವವರು.

"ದಿನಾ ಚರಂಡಿಗೆ ಬೀಳೋನಿಗೆ ಮಗಳನ್ನ ಕೊಡ್ತಾರೇನೋ ಅವರು?" ಎಂದು ಹುಡುಗನ ತಾಯಿ ತಲೆ ಚಚ್ಚಿಕೊಂಡಳು.

ಗೋಡೆಯಾಚೆಯಿಂದ ಇದನ್ನು ಕೇಳಿಸಿಕೊಂಡ ಪಕ್ಕದ ಮನೆಯಲ್ಲಿದ್ದ, ಕ್ಷೌರದಂಗಡಿಯ ಕಟಿಂಗ್ ಅಣ್ಣ ಚಪ್ಪಲಿಯನ್ನೂ ಮೆಟ್ಟದೆ ಓಡಿಬಂದ. "ನಾನಿಲ್ವಾ? ಗಿರಾಕಿ ಇಲ್ದಾಗೆಲ್ಲ ನಾನು ಆಡೋದು ಅದೇ ಆಟ. ಕರ್ಟನ್ ಹಿಂದೆ ನಿಂತು ಸಂದೀಲಿ ನೋಡ್ಕೊಂಡು ಆಟದ ರಿಮೋಟಲ್ಲಿ ನಾನು ಓಡಿಸ್ತೀನಿ. ನೀನು ಬ್ಯಾಟರಿ ತೆಗ್ದಿರೋ ಇನ್ನೊಂದು ರಿಮೋಟ್ ಹಿಡ್ಕೊಂಡು ಮುಖ ಗಟ್ಟಿಯಾಗಿ ಇಟ್ಕೋ, ಸಾಕು."

"ಅದು ಮೋಸ ಅಲ್ವೇನಣ್ಣಾ?"

"ಮದುವೆ ಆಗ್ಲಿ ಮೊದ್ಲು. ನಿಜ ಹೇಳಕ್ಕೆ ಆಮೇಲೆ ಇಡೀ ಜನ್ಮ ಇರತ್ತೆ."

ಸಂಜೆ ಡ್ರೈವರು ಮಗಳ ಜೊತೆ ಬಂದರು. ಹುಡುಗನ ಬೆನ್ನ ಹಿಂದಿನ ಸೋಫಾದಲ್ಲಿ ಮೊಬೈಲು ಹಿಡಿದು ಕೂತರು. ಹುಡುಗ ಲೈವ್ ಶುರುಮಾಡಿದ. ಕರ್ಟನ್ ಹಿಂದಿನ ಕಟಿಂಗ್ ಅಣ್ಣ ಕಾರನ್ನು ಎಂಥ ವೇಗದಲ್ಲಿ ಓಡಿಸಿದನೆಂದರೆ ಅದರ ನೆರಳು ಹತ್ತು ಮಾರು ಹಿಂದೆ ಉಳಿಯಿತು. ಮೊದಲ ರೇಸು ಗೆಲುವು.

ನೋಡುವವರು ಕುಣಿದಾಡುತ್ತಾರೆ ಎಂದುಕೊಂಡಿದ್ದರೆ, ಲೈವಿನ ಪರದೆಯ ಮೇಲೆ ಸೂತಕ ಕವಿಯಿತು. "ಸೋಲಪ್ಪಾ, ಮೈ ಹುಷಾರಿಲ್ವಾ?" ಎಂದು ಒಬ್ಬರು ಬರೆದರು. "ಇವನ್ಯಾರು? ನಮ್ಮ ಹುಡುಗ ಎಲ್ಲಿ?" ಎಂದು ಇನ್ನೊಬ್ಬರು. "ಯಾರಾದ್ರೂ ಅವರ ಮನೆಗೆ ಡಾಕ್ಟರನ್ನ ಕಳಿಸ್ರಪ್ಪಾ."

ಎರಡನೆಯ ರೇಸಿನ ನಡುವೆ ತಾಯಿ ಕಾಫಿ ತಂದಳು. ಬಂದವರಿಗೆಲ್ಲ ಕೊಟ್ಟು ಒಬ್ಬರಿಗೆ ಮಾತ್ರ ಕೊಡದಿರಲು ಆ ತಾಯಿಗೆ ಮನಸ್ಸು ಬರಲಿಲ್ಲ. ಮೆಲ್ಲಗೆ ಒಂದು ಲೋಟವನ್ನು ಕರ್ಟನ್ ಒಳಗೆ ತೂರಿಸಿದಳು. ಕಾರು ನಡುರಸ್ತೆಯಲ್ಲಿ ಗಕ್ಕನೆ ನಿಂತಿತು.

"ಯಾಕಪ್ಪ ನಿಂತ್ಬಿಡ್ತು?" ಡ್ರೈವರು ಮೊದಲ ಸಲ ಬಾಯಿಬಿಟ್ಟರು.

"ಇಂಜಿನ್ ಸ್ವಲ್ಪ ತಣ್ಣಗಾಗ್ಲಿ ಅಂತ, ಮಾವ."

ಕರ್ಟನ್ ಸುರ್ರ್ ಸುರ್ರ್ ಎಂದು ಕಾಫಿ ಕುಡಿಯಿತು. ಕುಡಿದ ಹುರುಪಿನಲ್ಲಿ ಕಾರು ಮತ್ತೆ ನೆಗೆಯಿತು. ಕೊನೆಯ ತಿರುವು ಬಂತು. ಕಟಿಂಗ್ ಅಣ್ಣ ಮೈಮರೆತ. ಕೈಗೆ ಕಷ್ಟದ ಕೆಲಸ ಬಂದಾಗ ಅವನ ಬಾಯಿ ತಾನಾಗಿ ಆಡುವ ಮಾತೇ ಹೊರಬಿತ್ತು. "ತಲೆ ಸ್ವಲ್ಪ ಬಗ್ಸು."

ಚಿಕ್ಕಂದಿನಿಂದ ಆ ಕತ್ತರಿಯ ಕೆಳಗೇ ಬೆಳೆದ ತಲೆ. ತಟ್ಟನೆ ಬಗ್ಗಿತು.

"ಕಿವಿ ಹಿಡ್ಕೋ."

ಹುಡುಗ ರಿಮೋಟ್ ಕೆಳಗಿಟ್ಟು ಎರಡೂ ಕೈಯಲ್ಲಿ ಎರಡೂ ಕಿವಿ ಮಡಚಿ ಹಿಡಿದುಕೊಂಡ. ಕಾರು ಬಾಣದ ಹಾಗೆ ಹೋಗಿ ಮೊದಲ ಸ್ಥಾನ ಹೊಡೆಯಿತು.

ಪರದೆಯ ಮೇಲೆ ಹಳೇ ಹಾರ್ನ್ ಬರೆದದ್ದು ಮೂಡಿತು. "ಎರಡೂ ಕೈ ಕಿವಿ ಮೇಲಿದೆಯಲ್ಲಪ್ಪಾ, ಕಾರು ಯಾರು ಓಡಿಸ್ತಿದಾರೆ?"

ಅದರ ಹಿಂದೆಯೇ ಸೋಫಾದ ಕಡೆಯಿಂದ ಯಾರೋ ಗಂಟಲು ಸರಿಮಾಡಿಕೊಂಡರು. ಹುಡುಗ ತಿರುಗಿದ. ಡ್ರೈವರ ಹೆಬ್ಬೆರಳು ಇನ್ನೂ ಮೊಬೈಲಿನ ಮೇಲೇ ಇತ್ತು.

"ಮಾವ... ಹಳೇ ಹಾರ್ನ್ ನೀವೇನಾ?"

ಡ್ರೈವರು ಎದ್ದು ಹೋಗಿ ಕರ್ಟನ್ ಸರಿಸಿದರು. ಕಂಕುಳಲ್ಲಿ ರಿಮೋಟ್, ಕೈಯಲ್ಲಿ ಖಾಲಿ ಲೋಟ ಹಿಡಿದು ನಿಂತಿದ್ದ ಕಟಿಂಗ್ ಅಣ್ಣ, "ನಮಸ್ಕಾರ ಸಾರ್. ಮೀಸೆ ಸ್ವಲ್ಪ ಎಡಕ್ಕೆ ಎಳೀತಿದೆ, ಅಂಗಡಿ ಕಡೆ ಬನ್ನಿ" ಅಂದ.

"ಅಲ್ಲಯ್ಯಾ," ಡ್ರೈವರು ಹುಡುಗನ ಕಡೆ ತಿರುಗಿದರು, "ದಿನವೆಲ್ಲ ಸ್ಟೇರಿಂಗ್ ತಿರುಗ್ಸಿ ಸುಸ್ತಾಗಿ ಬಂದು ನೀನು ಚರಂಡಿಗೆ ಬೀಳೋದು ನೋಡಿದ್ರೇನೇ ನಂಗೆ ಊಟ ಸೇರೋದು. ಸೋತ್ರೂ ಸುಳ್ಳು ಹೇಳದ ಹುಡುಗ, ಮಗಳನ್ನ ಕೊಡೋಣ ಅಂತ ನಿರ್ಧಾರ ಮಾಡ್ಕೊಂಡೇ ಬಂದೆ. ಇವತ್ತೇ ಬೇಕಿತ್ತಾ ಈ ಕರ್ಟನ್ನು?"

ಹುಡುಗ ಕ್ಯಾಮರಾಕ್ಕೆ ಕೈಮುಗಿದ. "ತಪ್ಪಾಯ್ತು ಕಣ್ರೀ. ಗೆದ್ದಿದ್ದು ನಾನಲ್ಲ." ಪರದೆ ಜಾತ್ರೆಯಾಯಿತು. ಬಂದ ಬಂದ, ನಮ್ಮ ಸೋಲಪ್ಪ ವಾಪಸ್ ಬಂದ!

ಡ್ರೈವರೂ ಕರಗಿದರು. "ಸರಿ, ಬ್ಯಾಟರಿ ಹಾಕು. ನನ್ನ ಕಣ್ಮುಂದೆ ನೀನೇ ಒಂದು ರೇಸ್ ಆಡಿ ಎಂದಿನಂತೆ ಮರ್ಯಾದೆಯಾಗಿ ಸೋಲು. ಸೋತ ತಕ್ಷಣ ಮದುವೆ ಮಾತಾಡೋಣ."

ಸೋಲುವುದು ಅವನಿಗೆ ಉಸಿರಾಡಿದಷ್ಟು ಸಲೀಸು. ಬೇಕೆಂದೇ ಸೋತರೆ ಅದೂ ಮೋಸವೇ ಎಂದು ಪಾಪ, ನೆಟ್ಟಗೇ ಆಡಿದ. ಆದರೆ ಮೊದಲ ತಿರುವಿನಲ್ಲೇ ಮುಂದಿದ್ದ ಕಾರುಗಳೆಲ್ಲ ಒಂದಕ್ಕೊಂದು ಗುದ್ದಿಕೊಂಡು, ಇವನು ದಿನಾ ಬೀಳುತ್ತಿದ್ದ ಚರಂಡಿಗೆ ದಬದಬನೆ ಉರುಳಿದವು. ಅಲ್ಲಿ ಇವನಿಗೆ ಬೀಳಲು ಜಾಗವೇ ಉಳಿಯಲಿಲ್ಲ. ಆಮೆಯ ಹಾಗೆ ತೆವಳಿಕೊಂಡು ಹೋದ ಅವನ ಕಾರು ಮೊದಲ ಸ್ಥಾನದಲ್ಲಿ ನಿಂತಿತು.

ಡ್ರೈವರು ಒಮ್ಮೆ ಕಾರನ್ನು ನೋಡಿದರು, ಒಮ್ಮೆ ಕಟಿಂಗ್ ಅಣ್ಣನನ್ನು ನೋಡಿದರು.

"ಕಟಿಂಗಿನವರು ಇಲ್ಲೇ ನಿಂತಿದಾರೆ," ಡ್ರೈವರು ನಿಧಾನವಾಗಿ ಅಂದರು. "ಇನ್ಯಾರನ್ನ ಬಚ್ಚಿಟ್ಟಿದ್ದೀಯಪ್ಪಾ?"

"ಯಾರೂ ಇಲ್ಲ ಮಾವ. ನಿಮ್ಮಾಣೆ, ನಾನೇ ಗೆದ್ದೆ."

ಯಾರು ನಂಬುತ್ತಾರೆ? ಮಂಚದ ಕೆಳಗೆ ನೋಡಿ ಎಂದು ಸಾವಿರ ಜನ ಬರೆದರು. ಡ್ರೈವರು ಮೊಣಕಾಲೂರಿ ಮಂಚದ ಕೆಳಗೆ ತಲೆ ಹಾಕಿದರು. ಹುಡುಗಿ ಬೀರುವಿನ ಬಾಗಿಲು ತೆಗೆದಳು. ಕಟಿಂಗ್ ಅಣ್ಣ ಕೂಡ ಅನುಮಾನದಿಂದ ಕರ್ಟನ್ ಕೊಡವಿ ನೋಡಿದ.

ಅಷ್ಟರಲ್ಲಿ ಅಡುಗೆಮನೆಯಿಂದ ತಾಯಿ ಇನ್ನೊಂದು ಲೋಟ ಹಿಡಿದು ಬಂದಳು. "ಮಂಚದ ಕೆಳಗಿರೋರಿಗೆ ಸಕ್ಕರೆ ಎಷ್ಟು ಹಾಕ್ಲಿ?"