ಗಂಗಮ್ಮಜ್ಜಿಯ ಒಗ್ಗರಣೆಯೂ ನನ್ನ ಬ್ಯಾಕ್ಟೀರಿಯವೂ

ನಾನು ಬಾಡಿಗೆ ಮನೆಯ ಅಜ್ಜಿಗೆ ರೋಗಾಣುಗಳ ಸಾರು ಉಣಿಸಿದೆನೆಂಬ ಕಥೆ ಚಿತ್ರದುರ್ಗದ ನಮ್ಮ ಕಾಲೇಜಿನಿಂದ ಹೊರಟು, ಹಿರಿಯೂರಿನ ಬಸ್ಸು ಹತ್ತಿ, ನಮ್ಮೂರು ಯಲ್ಲದಕೆರೆಯನ್ನು ನನಗಿಂತ ಮೊದಲೇ ತಲುಪಿದೆ. ಮಾನ್ಯ ಓದುಗರೇ, ಈ ಹೇಳಿಕೆಯನ್ನು ನಾನು ಸಂಪೂರ್ಣವಾಗಿ ವಿರೋಧಿಸುತ್ತೇನೆ. ಉಣಿಸಿದವರು ಅಜ್ಜಿ. ಉಂಡವನು ನಾನು. ಅದೂ ಮತ್ತೊಮ್ಮೆ ಬಡಿಸಿಕೊಂಡು!

ನಮ್ಮ ಬಿ.ಎಸ್ಸಿ. ಮೇಷ್ಟ್ರು ಗಂಟಲುನೋವಿನ ಬಗ್ಗೆ ಸಂಶೋಧನೆ ನಡೆಸುತ್ತಿದ್ದರು. ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯವನ್ನು ಬೆಳೆಸಲು ಅವರಿಗೊಬ್ಬ ಸಹಾಯಕ ಬೇಕಿತ್ತು. ಆ ಜಾಗ ಸಿಕ್ಕವನಿಗೆ ಎಂ.ಎಸ್ಸಿ. ಸೀಟಿಗೆ ಅವರ ಶಿಫಾರಸು ಖಂಡಿತ. ನನಗೆ ಬೇಕಿದ್ದದ್ದು ಅದೇ. ಅದೃಷ್ಟಕ್ಕೆ ನನ್ನ ಗಂಟಲೂ ಆಗ ಕೆಂಡವಾಗಿತ್ತು. ಮೇಷ್ಟ್ರು ಅದರೊಳಗೆ ಹತ್ತಿ ಸುತ್ತಿದ ಕಡ್ಡಿ ಆಡಿಸಿ, ಸೂಕ್ಷ್ಮದರ್ಶಕದಲ್ಲಿ ನೋಡಿ, ಮಣಿಸರದ ಹಾಗೆ ಸಾಲಾಗಿ ಕೂತಿವೆ ಎಂದರು. ಚರ್ಚಾಸ್ಪರ್ಧೆಯ ಶೀಲ್ಡು ಗೆದ್ದಾಗಲೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ.

ಆದರೆ ಅವಕ್ಕೆ ಆಹಾರವಾಗುವ ದ್ರವವನ್ನು ಮಾಂಸದ ರಸದಿಂದ ಮಾಡಬೇಕು ಎಂದಾಗ, ಅಭ್ಯಾಸಬಲದಿಂದ ಎದ್ದು ನಿಂತೆ. ಎತ್ತು, ಕುದುರೆ, ಮನುಷ್ಯ, ಎಲ್ಲರನ್ನೂ ಸಾಕುವ ಹುರುಳಿ ಕಣ್ಣಿಗೆ ಕಾಣದ ಜೀವಿಯನ್ನು ಸಾಕಲಾರದೇ? ಮಾಂಸವೇ ಬೇಕೆಂಬುದಕ್ಕೆ ಆಧಾರವೇನು? ಬೆಂದ ಹುರುಳಿ ಬಸಿದ ಕಟ್ಟಿಗಿಂತ ಪುಷ್ಟಿ ಬೇರೆ ಯಾವುದಿದೆ? ಗಂಟೆ ಹೊಡೆಯುವವರೆಗೂ ವಾದಿಸಿದೆ.

ಮೇಷ್ಟ್ರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. “ಆಯ್ತಪ್ಪ, ನಿನ್ನ ಕಟ್ಟಿನಾಗೇ ಬೆಳೆಸ್ಕಂಡು ಸೋಮವಾರ ಬಾ. ಬೆಳೆದಿದ್ರೆ ಜಾಗ ನಿಂದು.”

ಗೆದ್ದೆನೆಂದುಕೊಂಡೆ.

ನನ್ನ ಬಾಡಿಗೆ ಕೋಣೆ ಗಂಗಮ್ಮಜ್ಜಿಯ ಮನೆಯಲ್ಲಿತ್ತು. ಲಿಂಗಪೂಜೆ ಮುಗಿಯದೆ ಒಂದು ಹನಿ ನೀರನ್ನೂ ಬಾಯಿಗೆ ಹಾಕದವರು. ನನ್ನ ಗಂಟಲು ಕೆಟ್ಟಾಗಿನಿಂದ ಬೆಳಿಗ್ಗೆ ಸಂಜೆ ಬಿಸಿ ಉಪ್ಪುನೀರು ಕೊಟ್ಟು, ಮುಕ್ಕಳಿಸಿ ಉಗಿಯುವವರೆಗೂ ಎದುರಿಗೇ ನಿಂತಿರುತ್ತಿದ್ದರು. ಶನಿವಾರ ನನ್ನ ಸ್ಟವ್ವಿನಲ್ಲಿ ಹುರುಳಿ ಬೇಯಿಸಿ, ಕಟ್ಟು ಬಸಿದು, ಆರಿಸಿ, ನನ್ನ ಗಂಟಲಲ್ಲಿ ಆಡಿಸಿದ ಹತ್ತಿ ಕಡ್ಡಿಯನ್ನು ಅದರಲ್ಲಿ ಅದ್ದಿದೆ. ಪಾತ್ರೆಗೆ ಬಟ್ಟೆ ಕಟ್ಟಿ, ಬೆಚ್ಚಗಿರಲೆಂದು ಬಚ್ಚಲೊಲೆಯ ಪಕ್ಕ ಇಟ್ಟೆ. ಅಜ್ಜಿಗೆ ಏನೂ ಹೇಳಲಿಲ್ಲ. ಬ್ಯಾಕ್ಟೀರಿಯ ಎಂದರೆ ಮನೆಯಿಂದ ಆಚೆ ಹಾಕಿಯಾರು ಎಂಬ ಭಯ.

ಭಾನುವಾರ ನೋಡಿದರೆ ಕಟ್ಟು ಮೋಡ ಕವಿದಂತೆ ಕದಡಿತ್ತು. ಬೆಳೆದಿದೆ! ಎಂ.ಎಸ್ಸಿ. ಸೀಟಿನ ಕನಸು ಕಾಣುತ್ತಲೇ, ಅಜ್ಜಿ ಕೊಟ್ಟ ಡಬ್ಬ ಹಿಡಿದು ಸೀಮೆಎಣ್ಣೆ ಕ್ಯೂನಲ್ಲಿ ನಿಲ್ಲಲು ಹೋದೆ. ಬರುವಷ್ಟರಲ್ಲಿ ಮಧ್ಯಾಹ್ನ. ಮುದ್ದೆ, ಹುರುಳಿ ಸಾರು ಸಿದ್ಧವಾಗಿತ್ತು. ಇಂಥ ಸಾರನ್ನು ಈ ಜಿಲ್ಲೆಯಲ್ಲಿ ಬೇರೆ ಯಾರೂ ಮಾಡಲಾರರು ಎಂದು ಪ್ರತಿಪಾದಿಸುತ್ತಾ ಪಾತ್ರೆಯ ತಳ ಕಾಣಿಸಿದೆ. ಕೈ ತೊಳೆಯಲು ಬಚ್ಚಲಿಗೆ ಹೋದರೆ, ನನ್ನ ಪಾತ್ರೆ ಬೆಳಗಿಸಿಕೊಂಡು ಬೋರಲು ಮಲಗಿತ್ತು.

“ಅಜ್ಜಿ, ಇಲ್ಲೊಂದು ಕಟ್ಟಿತ್ತಲ್ಲ?”

“ಅದಾ? ಒಗ್ಗರಣೆ ಹಾಕಾಕೆ ಬರ್ದೆ ಹಂಗೇ ಮುಚ್ಚಿಟ್ಟಿದ್ದೆಲ್ಲಪ್ಪ. ಕೆಡಾಕೆ ಹತ್ತಿತ್ತು. ಗಂಟ್ಲುನೋವಿನ ಹುಡ್ಗ, ಬಿಸಿ ಉಣ್ಲಿ ಅಂತ ಬೆಳ್ಳುಳ್ಳಿ ಹಾಕಿ ಚೆನ್ನಾಗಿ ಕುದಿಸ್ದೆ. ನೀನೇ ಬಳ್ಕಂಡು ಉಂಡ್ಯಲ್ಲ.”

“ನೀವು... ನೀವು ಬಾಯಿಗೇನಾರ ಹಾಕ್ಕಂಡ್ರಾ?”

“ಪೂಜೆನೇ ಆಗಿಲ್ಲ, ಹೆಂಗ್ ಹಾಕ್ಕಣ್ಲಿ?”

ಸದ್ಯ! ಕುದ್ದ ಮೇಲೆ ಬ್ಯಾಕ್ಟೀರಿಯ ಸತ್ತಿರುತ್ತವೆ ಎಂದು ನನಗೆ ನಾನೇ ವಾದಿಸಿಕೊಂಡೆ. ನನ್ನ ಗಂಟಲಿನಿಂದ ಹೊರಟವು, ನನ್ನ ಗಂಟಲಿನಲ್ಲೇ ಇಳಿದುಹೋದವು. ಮತ್ತೆ ಬೆಳೆಸೋಣವೆಂದು ಕನ್ನಡಿಯ ಮುಂದೆ ಬಾಯಿ ತೆರೆದರೆ ಇನ್ನೊಂದು ಆಘಾತ. ಗಂಟಲು ವಾಸಿಯಾಗಿತ್ತು! ಅಜ್ಜಿ ಬೆಳೆಯನ್ನೂ ಕುದಿಸಿದ್ದರು, ಬಿತ್ತನೆಯನ್ನೂ ತೊಳೆದಿದ್ದರು.

ಸೋಮವಾರ ಬರಿಗೈಯಲ್ಲಿ ಹೋಗಿ ನಡೆದದ್ದನ್ನೆಲ್ಲ ಒಪ್ಪಿಸಿದೆ. ಮೇಷ್ಟ್ರು ಮೇಜು ಹಿಡಿದುಕೊಂಡು ನಕ್ಕರು. ಆಮೇಲೆ ಬಾಯಿಗೆ ಹತ್ತಿ ತುರುಕಿದ ಒಂದು ಗಾಜಿನ ನಳಿಗೆಯನ್ನು ಬೆಳಕಿಗೆ ಹಿಡಿದರು. ಅಂದೇ ನನ್ನ ಗಂಟಲಿನದನ್ನು ತಮ್ಮ ಮಾಂಸದ ರಸದಲ್ಲೂ ಅದ್ದಿಟ್ಟಿದ್ದರಂತೆ. ಅಲ್ಲಿ ಮಣಿಸರಗಳು ಸೊಗಸಾಗಿ ಬೆಳೆದಿದ್ದವು.

“ನಿನ್ನ ಕಟ್ಟು ಕದಡಿತ್ತು ಅಂದ್ಯಲ್ಲ, ಅದು ಹಳಸಿದ್ದಲ್ಲ ಅನ್ನಾಕೆ ಆಧಾರ ಏನೈತೆ?”

ಆಧಾರವಿಲ್ಲವೆಂದು ಜೀವನದಲ್ಲಿ ಮೊದಲ ಬಾರಿಗೆ ಒಪ್ಪಿಕೊಂಡೆ. ಬಹುಶಃ ಅದಕ್ಕೇ ಜಾಗ ನನಗೆ ಕೊಟ್ಟರು. ಸದ್ಯ ನಳಿಗೆ ತೊಳೆಯುತ್ತಿದ್ದೇನೆ. ಸೋತವನಿಗೂ ಜಾಗ ಕೊಟ್ಟ ಮೇಷ್ಟ್ರು, ಹಳಸಿದ್ದನ್ನೂ ಅಮೃತ ಮಾಡಿ ಬಡಿಸಿದ ಅಜ್ಜಿ! ಈ ಇಬ್ಬರ ಋಣವನ್ನು ಯಾವ ವಾದದಿಂದಲೂ ತೀರಿಸಲಾರೆ.

ನನ್ನ ವಾದ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಬುಧವಾರ ಸಂಜೆ ಮನೆಗೆ ಬಂದರೆ, ಅಜ್ಜಿ ಕೊರಳಿಗೆ ಮಫ್ಲರ್ ಸುತ್ತಿಕೊಂಡು ಬಚ್ಚಲಲ್ಲಿ ಉಪ್ಪುನೀರು ಮುಕ್ಕಳಿಸುತ್ತಿದ್ದರು. ಅಂದಿನ ಸಾರಿಗೆ ಉಪ್ಪು ಎಷ್ಟು ಹದವಾಗಿತ್ತೆಂಬುದು ಆಗ ನೆನಪಾಯಿತು. ನನ್ನನ್ನು ಕಂಡವರೇ ಅಜ್ಜಿ ಇನ್ನೊಂದು ಗುಟುಕು ಬಾಯಿಗೆ ತುಂಬಿಕೊಂಡು ಗೋಡೆಯ ಕಡೆ ತಿರುಗಿದರು.

“ಅಜ್ಜಿ, ಅವತ್ತು ಉಪ್ಪು ನೋಡಿದ್ದು ಕುದಿಯಾಕೆ ಮುಂಚೆನಾ, ಕುದ್ದ ಮೇಲಾ?”